ಆಪರೇಷನ್ ಆಯಿತು, ಇನ್ನು ಉಣಿಸುವುದು ಹೇಗೆ?

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಸಾಕುಪ್ರಾಣಿಗಳ ಆರೈಕೆ ಕುರಿತು ಲೇಖನಗಳು ಬರುತ್ತವೆ. ನಾಯಿಗೆ ನೆರಳು, ಹಕ್ಕಿಗೆ ಮಣ್ಣಿನ ಬಟ್ಟಲಲ್ಲಿ ನೀರು, ದನಗಳಿಗೆ ತಂಪಾದ ಕೊಟ್ಟಿಗೆ. ಎಲ್ಲವೂ ಬೇಕಾದದ್ದೇ. ಆದರೆ ನಮ್ಮ ಬಳ್ಳಾರಿಯ ಮನೆಗಳಲ್ಲಿ ಈಗ ಮೊಲಗಳಿವೆ, ಗಿನಿಪಿಗ್‌ಗಳಿವೆ, ಅಪರೂಪಕ್ಕೆ ಒಂದೆರಡು ಚಿಂಚಿಲ್ಲಾಗಳೂ ಇವೆ. ಹುಲ್ಲು ತಿಂದು ಬದುಕುವ ಈ ಸಣ್ಣ ಪ್ರಾಣಿಗಳನ್ನು ಹೆಚ್ಚಾಗಿ ಕಾಡುವುದು ಹಲ್ಲಿನ ಕಾಯಿಲೆ. ಹಲ್ಲಿನ ಆಪರೇಷನ್ ಮಾಡುವ ವೈದ್ಯರು ದೂರದ ಊರಿನಲ್ಲಾದರೂ ಸಿಗುತ್ತಾರೆ. ಆದರೆ ಮನೆಗೆ ಕರೆತಂದ ಮೇಲೆ ಅದಕ್ಕೆ ಏನು, ಎಷ್ಟು, ಹೇಗೆ ಉಣಿಸಬೇಕೆಂದು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುವವರು ಸಿಗುವುದಿಲ್ಲ. ಪ್ರಾಣ ಉಳಿಯುವುದೂ ಹೋಗುವುದೂ ಆ ಉಣಿಸುವುದರ ಮೇಲೆಯೇ ನಿಂತಿದೆ. ಈ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದವಾಗುತ್ತದೆ. ಜಾಗ ಸಾಲದಿದ್ದರೆ ಬೇರೆ ಭಾಗಗಳನ್ನು ಕತ್ತರಿಸಿ, ಉಣಿಸುವ ಕ್ರಮದ ಭಾಗವನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಅಳಿಯನಿಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಮಗಳ ಸಂಸಾರ ಬೆಂಗಳೂರಿನಿಂದ ಇಲ್ಲಿಗೆ ಬಂದಾಗ ಅವರ ಜೊತೆಗೇ ಬಂತು ಚಿನ್ನಿ. ಬೂದುಬಣ್ಣದ ಚಿಂಚಿಲ್ಲಾ, ತೂಕ ಅರ್ಧ ಕೆಜಿಯ ಆಸುಪಾಸು. ಮೊಮ್ಮಗಳ ಜೀವ. ಓದುಗರಲ್ಲಿ ಹೆಚ್ಚಿನವರು ಈ ಪ್ರಾಣಿಯನ್ನು ನೋಡಿರಲಿಕ್ಕಿಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದ ಆಂಡೀಸ್ ಪರ್ವತದ ಚಳಿ ಪ್ರದೇಶದ್ದು. ಮೊಲದ ಕಿವಿಗಿಂತ ಸಣ್ಣ ದುಂಡನೆಯ ಕಿವಿ, ಪೊದೆಯಂಥ ಬಾಲ, ಒಂದೊಂದು ರೋಮಕೂಪದಿಂದ 50ಕ್ಕೂ ಹೆಚ್ಚು ಎಳೆ ಹೊರಡುವಷ್ಟು ದಟ್ಟ ತುಪ್ಪಳ. ಆ ತುಪ್ಪಳಕ್ಕಾಗಿಯೇ ಮನುಷ್ಯರು ಇದನ್ನು ಬೇಟೆಯಾಡಿ ಕಾಡಿನಲ್ಲಿ ಮುಗಿಸುವ ಹಂತಕ್ಕೆ ತಂದರು. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರ್ ಚಿಲಿಯಿಂದ 11 ಚಿಂಚಿಲ್ಲಾಗಳನ್ನು ಅಮೆರಿಕಕ್ಕೆ ಒಯ್ದು ಸಾಕಿದ. ಇಂದು ಮನೆಗಳಲ್ಲಿರುವ ಬಹುಪಾಲು ಚಿಂಚಿಲ್ಲಾಗಳು ಆ ಸಂತತಿಯವು. ಗಣಿಯವರೊಬ್ಬರು ತಂದು ಸಾಕಿದ ಪ್ರಾಣಿ ಗಣಿಗಳ ಜಿಲ್ಲೆಗೇ ಬಂದು ಸೇರಿದೆಯಲ್ಲ ಎಂದು ನನಗೆ ಆಗಾಗ ಅನಿಸುತ್ತದೆ.

ಇವುಗಳ ಬಾಯಿಯಲ್ಲಿ 20 ಹಲ್ಲುಗಳು. ಮುಂದಿನ ನಾಲ್ಕು ಬಾಚಿಹಲ್ಲು, ಒಳಗೆ ಹದಿನಾರು ದವಡೆಹಲ್ಲು. ಇಪ್ಪತ್ತೂ ಸಾಯುವತನಕ ಬೆಳೆಯುತ್ತಲೇ ಇರುತ್ತವೆ. ಬೆಟ್ಟದ ಒಣ ಹುಲ್ಲು, ಕುರುಚಲು ಗಿಡಗಳನ್ನು ದಿನವಿಡೀ ಅಗಿದು ಅಗಿದು ಸವೆಸುವುದಕ್ಕೆಂದೇ ಹುಟ್ಟಿದ ಹಲ್ಲುಗಳವು. ಮನೆಯಲ್ಲಿ ನಾವು ಪೆಲೆಟ್ (ಪುಡಿಮಾಡಿದ ಮೇವನ್ನು ಒತ್ತಿ ಮಾಡಿದ ಸಣ್ಣ ಗುಳಿಗೆ), ಕಾಳು, ಒಣದ್ರಾಕ್ಷಿ ಕೊಡುತ್ತೇವೆ. ನಾಲ್ಕು ಸಲ ಅಗಿದರೆ ನುಂಗಲು ಬರುತ್ತದೆ. ಹಲ್ಲು ಸವೆಯುವುದಿಲ್ಲ. ಬೆಳೆದ ಹಲ್ಲು ಅಂಚಿನಲ್ಲಿ ಮುಳ್ಳಿನಂತಾಗಿ ನಾಲಿಗೆಗೆ, ಕೆನ್ನೆಗೆ ಚುಚ್ಚುತ್ತದೆ. ಮೇಲೆ ಜಾಗ ಸಿಗದಿದ್ದರೆ ಬುಡ ಒಳಕ್ಕೆ ಬೆಳೆಯುತ್ತದೆ. ಕೆಳದವಡೆಯಲ್ಲಿ ಗಂಟು ಕಾಣಿಸಿಕೊಳ್ಳುತ್ತದೆ, ಮೇಲ್ದವಡೆಯದಾದರೆ ಕಣ್ಣಲ್ಲಿ ನೀರು ಸುರಿಯುತ್ತದೆ. ಮೊಲ, ಗಿನಿಪಿಗ್‌ಗಳ ಕಥೆಯೂ ಇದೇ.

ಚಿನ್ನಿ ಮೊದಲು ಒಣಹುಲ್ಲನ್ನು ಬಿಟ್ಟಿತು. ಬಟ್ಟಲಿನ ಹತ್ತಿರ ಆಸೆಯಿಂದ ಬರುವುದು, ಒಂದು ಪೆಲೆಟ್ ಎತ್ತಿಕೊಳ್ಳುವುದು, ಬಾಯಿಗಿಟ್ಟು ತಲೆ ಓರೆ ಮಾಡಿ ಬೀಳಿಸಿಬಿಡುವುದು. ಗದ್ದದ ಕೂದಲು ಜೊಲ್ಲಿನಿಂದ ಒದ್ದೆಯಾಗಿ ಎಳೆಎಳೆಯಾಗಿ ಅಂಟಿಕೊಂಡಿತ್ತು. ಬಾಯಿ ಒರೆಸಿಕೊಂಡು ಮುಂಗಾಲಿನ ಕೂದಲೂ ಒದ್ದೆ. ಇಷ್ಟು ಲಕ್ಷಣ ಕಂಡರೆ ತಡ ಮಾಡಬಾರದು ಎಂಬುದನ್ನು ಓದುಗರು ಗುರುತಿಟ್ಟುಕೊಳ್ಳಲಿ. ಇಲ್ಲಿನ ಪಶುವೈದ್ಯರೊಬ್ಬರು ನೋಡಿ, "ಸಿಸ್ಟರ್, ನಾನು ಈ ಪ್ರಾಣಿಗೆ ಚಿಕಿತ್ಸೆ ಮಾಡಿಲ್ಲ. ಇದರ ಬಾಯಿ ಬೆರಳು ಹೋಗದಷ್ಟು ಚಿಕ್ಕದು, ಅರಿವಳಿಕೆ ಕೊಟ್ಟು, ತಲೆಬುರುಡೆಯ ಎಕ್ಸ್‌ರೇ ತೆಗೆದೇ ನೋಡಬೇಕು. ಬೆಂಗಳೂರಿಗೆ ಒಯ್ಯಿರಿ" ಎಂದು ನೇರವಾಗಿ ಹೇಳಿದರು. ಹಾಗೆ ಹೇಳಿದ್ದಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ತಿಳಿಯದ್ದನ್ನು ತಿಳಿದಂತೆ ಮಾಡಿ ಮಾತ್ರೆ ಬರೆದುಕೊಟ್ಟಿದ್ದರೆ ಚಿನ್ನಿ ಉಳಿಯುತ್ತಿರಲಿಲ್ಲ.

ಹಗಲಿನ ಬಿಸಿಲಿಗೆ ಹೆದರಿ ರಾತ್ರಿಯೇ ಕಾರು ಹತ್ತಿ, ಚಳ್ಳಕೆರೆ, ಹಿರಿಯೂರು ದಾಟಿ ಬೆಳಗಿನ ಜಾವಕ್ಕೆ ತುಮಕೂರು ಹಾಯ್ದೆವು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸಡಿಲಾಗಿ ಬುಡದಲ್ಲಿ ಕೀವು ಕಟ್ಟಿದ್ದ ಒಂದು ದವಡೆಹಲ್ಲನ್ನು ಕಿತ್ತು, ಉಳಿದವುಗಳ ಮುಳ್ಳು ತೇಯ್ದರು. ಕೆಲಸ ಅಚ್ಚುಕಟ್ಟಾಗಿಯೇ ಮಾಡಿದರು. ಒಂದು ವಿಷಯ ಅಲ್ಲೇ ತಿಳಿಯಿತು. ಮನುಷ್ಯರಿಗೂ ನಾಯಿಗೂ ಆಪರೇಷನ್ ಮೊದಲು ರಾತ್ರಿಯಿಡೀ ಉಪವಾಸ ಹಾಕುತ್ತೇವೆ. ಈ ಪ್ರಾಣಿಗಳಿಗೆ ಹಾಗೆ ಮಾಡಬಾರದು. ಇವುಗಳಿಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಉಪವಾಸದ ಅಗತ್ಯವೂ ಇಲ್ಲ. ಬದಲಿಗೆ ಹೊಟ್ಟೆ ಖಾಲಿ ಬಿದ್ದರೇ ಅಪಾಯ.

ಯಾಕೆಂದರೆ ಇವುಗಳ ಕರುಳು ಸದಾ ನಡೆಯುತ್ತಿರಬೇಕು. ನಾರನ್ನು ಕೊಳೆಸಿ ಜೀರ್ಣ ಮಾಡುವ ಸೂಕ್ಷ್ಮಜೀವಿಗಳು ದೊಡ್ಡ ಕರುಳಿನ ಆರಂಭದ ಚೀಲದಲ್ಲಿರುತ್ತವೆ. ಮೇಲಿಂದ ನಾರು ಇಳಿಯುವುದು ನಿಂತರೆ ಕರುಳಿನ ಚಲನೆ ನಿಲ್ಲುತ್ತದೆ, ಗಾಳಿ ತುಂಬಿಕೊಳ್ಳುತ್ತದೆ, ನೋವಾಗುತ್ತದೆ, ನೋವಿಗೆ ತಿನ್ನುವುದು ಇನ್ನೂ ಕಡಿಮೆಯಾಗುತ್ತದೆ. ಮೈಯ ಕೊಬ್ಬು ಕರಗಿ ಯಕೃತ್ತಿನ (ಲಿವರ್) ಮೇಲೆ ಬೀಳುತ್ತದೆ. ಒಂದು ದಿನ ಪೂರ್ತಿ ತಿನ್ನದಿದ್ದರೆ ಅದು ತುರ್ತು ಪರಿಸ್ಥಿತಿಯೇ. "ಬಾಯಿ ನೋವು, ಎರಡು ದಿನ ಬಿಟ್ಟು ತಾನೇ ತಿನ್ನುತ್ತೆ ಬಿಡಿ" ಎನ್ನುವ ಮಾತು ನಾಯಿಯ ವಿಷಯದಲ್ಲಿ ನಡೆದೀತು, ಇಲ್ಲಿ ನಡೆಯುವುದಿಲ್ಲ.

ಇಷ್ಟು ದೊಡ್ಡ ಸಂಗತಿ, ಆದರೆ ಡಿಸ್ಚಾರ್ಜ್ ಹಾಳೆಯಲ್ಲಿ ಔಷಧಿಗಳ ಹೆಸರಿನ ಕೆಳಗೆ ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಸಾಲು: ಮೆತ್ತನೆಯ ಆಹಾರ ಕೊಡಿ, ಸಿರಿಂಜಿನಲ್ಲಿ ಉಣಿಸಿ. ನಾನು ನರ್ಸ್ ಆಗಿದ್ದವಳು, ಕೇಳಿ ಕೇಳಿ ತಿಳಿದುಕೊಂಡೆ, ಫೋನಿನಲ್ಲೂ ಕಾಡಿದೆ. ಅವರು ಬೇಸರಿಸದೆ ಹೇಳಿದರು. ಆದರೆ ಸಿರುಗುಪ್ಪದಿಂದ, ಸಂಡೂರಿನಿಂದ ಮೊಲ ಹಿಡಿದುಕೊಂಡು ಹೋದ ತಂದೆತಾಯಿ ಆ ಒಂದು ಸಾಲನ್ನು ಇಟ್ಟುಕೊಂಡು ಏನು ಮಾಡಬೇಕು? ಮೆತ್ತನೆಯದೆಂದರೆ ನಮ್ಮಲ್ಲಿ ಅನ್ನ, ಗಂಜಿ, ಬಾಳೆಹಣ್ಣು. ಅವೇ ಅದಕ್ಕೆ ವಿಷದಂತೆ.

ಈಗ ಉಣಿಸುವ ಕ್ರಮಕ್ಕೆ ಬರುತ್ತೇನೆ.

ಕ್ರಿಟಿಕಲ್ ಕೇರ್ ಎಂಬ ಹೆಸರಿನ ಒಂದು ಪುಡಿ ಬರುತ್ತದೆ. ಸಸ್ಯಾಹಾರಿ ಸಣ್ಣ ಪ್ರಾಣಿಗಳು ಚೇತರಿಸಿಕೊಳ್ಳುವಾಗ ಕೊಡಲೆಂದೇ ಹುಲ್ಲಿನ ನಾರಿನಿಂದ ಮಾಡಿದ್ದು. ಬಳ್ಳಾರಿಯಲ್ಲಿ ನನಗೆ ಸಿಗಲಿಲ್ಲ, ಬೆಂಗಳೂರಿನಿಂದಲೇ ತಂದೆವು. ಆಪರೇಷನ್ ದಿನ ಗೊತ್ತಾದ ತಕ್ಷಣ ಇದನ್ನು ತರಿಸಿ ಮನೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಪಾಲು ಪುಡಿಗೆ ಎರಡು ಪಾಲು ಉಗುರುಬೆಚ್ಚಗಿನ ನೀರು. ಕಲಸಿದ ಕೂಡಲೇ ತೆಳ್ಳಗೆ ಕಾಣುತ್ತದೆ, ಮೋಸಹೋಗಬಾರದು. ಕೆಲವು ನಿಮಿಷ ಬಿಟ್ಟರೆ ನಾರು ನೀರು ಕುಡಿದು ಉಬ್ಬಿ ದೋಸೆಹಿಟ್ಟಿನ ಹದಕ್ಕೆ ಬರುತ್ತದೆ. ಆಗ ಚಮಚದ ಬೆನ್ನಿನಿಂದ ಗಂಟುಗಳನ್ನೆಲ್ಲ ತಿಕ್ಕಿ ಒಡೆದು, ಬೇಕಿದ್ದರೆ ಇನ್ನೊಂದಿಷ್ಟು ನೀರು ಸೇರಿಸಬೇಕು. ಪುಡಿ ಸಿಗದೆ ಕೈಕಟ್ಟಿದಂತಾದಾಗ, ಅದು ದಿನವೂ ತಿನ್ನುತ್ತಿದ್ದ ಹುಲ್ಲಿನ ಪೆಲೆಟ್ಟನ್ನೇ ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ಬಿಸಿನೀರಲ್ಲಿ ನೆನೆಸಿ, ಆರಿದ ಮೇಲೆ ಕೊಡಬಹುದು. ಕಾಳು, ಒಣಹಣ್ಣು ಬೆರೆತ ಮಿಶ್ರಣ ಈ ಕೆಲಸಕ್ಕೆ ಬರುವುದಿಲ್ಲ.

ಪ್ರಮಾಣದ ಮಾತು. ತಾನಾಗಿ ಏನೂ ತಿನ್ನದ ಪ್ರಾಣಿಗೆ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 50ರಿಂದ 80 ಎಂಎಲ್ ಕಲಸಿದ ಆಹಾರ ಬೇಕಾಗುತ್ತದೆ. ಅರ್ಧ ಕೆಜಿಯ ಚಿಂಚಿಲ್ಲಾಕ್ಕೆ 25ರಿಂದ 40 ಎಂಎಲ್. ಎರಡು ಕೆಜಿಯ ಮೊಲವಾದರೆ ಅದರ ನಾಲ್ಕು ಪಟ್ಟು. ಇದನ್ನು ಒಂದೇ ಸಲಕ್ಕೆ ತುರುಕುವಂತಿಲ್ಲ, ದಿನಕ್ಕೆ ನಾಲ್ಕರಿಂದ ಆರು ಸಲಕ್ಕೆ ಹಂಚಬೇಕು. ಮೊದಲ ದಿನ ಇಷ್ಟನ್ನು ತೆಗೆದುಕೊಳ್ಳದಿದ್ದರೆ ಗಾಬರಿ ಬೇಡ, ಸ್ವಲ್ಪ ಸ್ವಲ್ಪವೇ ಏರಿಸಬೇಕು. ಕೊನೆಯ ಮಾತು ಯಾವಾಗಲೂ ಚಿಕಿತ್ಸೆ ಮಾಡಿದ ವೈದ್ಯರದು. ಹೊಟ್ಟೆ ಉಬ್ಬಿ ಬಿಗಿದಿದ್ದರೆ ಅವರನ್ನು ಕೇಳದೆ ಉಣಿಸಲೇಬಾರದು.

ಚಿಂಚಿಲ್ಲಾ ಹಗಲು ಮಲಗಿ ಸಂಜೆಗೆ ಚುರುಕಾಗುವ ಪ್ರಾಣಿ. ಅದಕ್ಕೇ ನಾನು ಹಗಲಿನಲ್ಲಿ ಅದನ್ನು ಕಡಿಮೆ ಎಬ್ಬಿಸಿ, ಬೆಳಗಿನ ಜಾವ, ಸಂಜೆ, ರಾತ್ರಿ ಮಲಗುವ ಮುನ್ನ, ನಡುರಾತ್ರಿ ಹೀಗೆ ಹೊತ್ತು ಹಾಕಿಕೊಂಡೆ. ನೈಟ್ ಡ್ಯೂಟಿ ಮಾಡಿದ ಮೈ, ಕಷ್ಟವಾಗಲಿಲ್ಲ. ಕೆಲಸಕ್ಕೆ ಹೋಗುವ ದಂಪತಿ ಮಾತ್ರ ಇರುವ ಮನೆಯಲ್ಲಿ ಇದಕ್ಕೆ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕು, ಒಬ್ಬರಾದರೂ ರಜೆ ಹಾಕಬೇಕು.

ಕೊಡುವ ರೀತಿಯಲ್ಲೇ ಹೆಚ್ಚಿನ ಅನಾಹುತಗಳಾಗುವುದು. ವಾರ್ಡಿನಲ್ಲಿ ಲಕ್ವಾ ಹೊಡೆದ ರೋಗಿಗಳಿಗೆ ಮನೆಯವರು ಮಲಗಿಸಿಕೊಂಡೇ ಗಂಜಿ ಹುಯ್ಯುವುದನ್ನು ನೋಡಿದಾಗಲೆಲ್ಲ ಓಡಿಹೋಗಿ ತಲೆದಿಂಬು ಎತ್ತರಿಸುತ್ತಿದ್ದೆ. ಗಂಟಲಿಗೆ ಬದಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಇಲ್ಲೂ ಅದೇ ಭಯ. ಪ್ರಾಣಿಯನ್ನು ಮಗುವಿನಂತೆ ಬೆನ್ನ ಮೇಲೆ ಮಲಗಿಸಿಕೊಳ್ಳಲೇಬಾರದು. ಹತ್ತಿಯ ಟವೆಲಿನಲ್ಲಿ ಕಾಲುಗಳು ಒಳಗಿರುವಂತೆ ಸಡಿಲಾಗಿ ಸುತ್ತಿ, ನಾಲ್ಕು ಕಾಲ ಮೇಲೆ ಕೂತ ಭಂಗಿಯಲ್ಲೇ ಮಡಿಲಲ್ಲಿಟ್ಟುಕೊಂಡು, ಬೆನ್ನನ್ನು ನಮ್ಮ ಹೊಟ್ಟೆಗೆ ಒರಗಿಸಿಕೊಳ್ಳಬೇಕು. ಎದೆಯನ್ನು ಒತ್ತಿ ಹಿಡಿಯಬಾರದು, ಪಕ್ಕೆಲುಬು ಬಲು ಮೃದು. ಕೂದಲು ಸಿಕ್ಕಿದ ಕಡೆ ಗಬಕ್ಕನೆ ಹಿಡಿದರೆ ಚಿಂಚಿಲ್ಲಾ ಹೆದರಿ ಆ ಜಾಗದ ತುಪ್ಪಳವನ್ನೇ ಹಿಡಿಯಷ್ಟು ಕಳಚಿ ಬಿಡುತ್ತದೆ. ಶತ್ರುವಿನ ಬಾಯಿಂದ ತಪ್ಪಿಸಿಕೊಳ್ಳಲು ಅದಕ್ಕೆ ಪ್ರಕೃತಿ ಕೊಟ್ಟ ಉಪಾಯ ಅದು. ನಮ್ಮನ್ನು ಶತ್ರುವೆಂದು ಅದು ಎಣಿಸದಂತೆ ನೋಡಿಕೊಳ್ಳಬೇಕು.

ಸಿರಿಂಜ್ 1 ಎಂಎಲ್‌ನದು, ಸೂಜಿಯಿಲ್ಲದ್ದು. ಮುಂದಿನ ಬಾಚಿಹಲ್ಲಿಗೂ ಒಳಗಿನ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ತೆರವಿದೆ. ತುಟಿಯ ಪಕ್ಕದಿಂದ ಆ ತೆರವಿನಲ್ಲಿ ತುದಿಯನ್ನು ಅಡ್ಡಲಾಗಿ ಇಡಬೇಕು, ನೇರ ಗಂಟಲಿನ ಕಡೆಗಲ್ಲ. ಹಲ್ಲು ಕಿತ್ತ ಪಕ್ಕವನ್ನು ಬಿಟ್ಟು ಇನ್ನೊಂದು ಪಕ್ಕದಿಂದ. ಒಂದು ಸಲಕ್ಕೆ 0.2 ಎಂಎಲ್, ಒಗ್ಗಿದ ಮೇಲೆ 0.5. ಆಮೇಲೆ ಕಾಯಬೇಕು. ಚಿನ್ನಿಯ ಕೆಳದವಡೆ ಆಡತೊಡಗುತ್ತಿತ್ತು, ಮೀಸೆ ಅಲುಗುತ್ತಿತ್ತು, ಗಂಟಲಿನ ಹತ್ತಿರ ಬೆರಳಿಟ್ಟರೆ ನುಂಗಿದ್ದು ಗೊತ್ತಾಗುತ್ತಿತ್ತು. ಅದಾದ ಮೇಲೆಯೇ ಮುಂದಿನ ತೊಟ್ಟು. ನಾರಿನ ಗಂಟು ತುದಿಗೆ ಅಡ್ಡ ನಿಂತರೆ ಜೋರಾಗಿ ಒತ್ತಲು ಹೋಗಬಾರದು. ಒತ್ತಿದರೆ ಗಂಟು ಬಿಟ್ಟ ಕ್ಷಣದಲ್ಲಿ ಸಿರಿಂಜಿನಲ್ಲಿದ್ದದ್ದೆಲ್ಲ ಒಮ್ಮೆಗೇ ಗಂಟಲಿಗೆ ಚಿಮ್ಮುತ್ತದೆ. ಹೊರಗೆ ತೆಗೆದು, ಬಟ್ಟಲಿಗೆ ಹಿಂಡಿ, ತುದಿ ತೊಳೆದು ಮತ್ತೆ ತುಂಬಬೇಕು. ಕೆಮ್ಮಿದರೆ, ಮೂಗಿನಲ್ಲಿ ಬಂದರೆ, ಅಲ್ಲಿಗೇ ನಿಲ್ಲಿಸಿ ಉಸಿರು ಸರಿಯಾಗುವ ತನಕ ಬಿಡಬೇಕು, ಉಸಿರಾಟ ಸರಿಯಾಗದಿದ್ದರೆ ವೈದ್ಯರಿಗೆ ಫೋನ್ ಹಚ್ಚಬೇಕು.

ಮುಗಿದ ಮೇಲೆ ಗದ್ದವನ್ನು ಒದ್ದೆ ಹತ್ತಿಯಿಂದ ಒರೆಸಿ ಒಣಬಟ್ಟೆಯಿಂದ ಆರಿಸಬೇಕು. ಅಂಟಿದ ಆಹಾರ ಹಾಗೇ ಉಳಿದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಉಳಿದ ಮಿಶ್ರಣವನ್ನು ಮುಂದಿನ ಹೊತ್ತಿಗೆ ಎತ್ತಿಡುವುದು ಬೇಡ. ನಮ್ಮೂರ ಸೆಕೆಗೆ ಹುಳಿ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಪ್ರತಿ ಸಲ ಹೊಸದಾಗಿ ಕಲಸಬೇಕು.

ನೋವಿನ ಔಷಧಿಯನ್ನು ಉಣಿಸುವುದಕ್ಕೆ ಸ್ವಲ್ಪ ಮುಂಚೆಯೇ ಕೊಡುವುದು ಮೇಲು. ನೋವು ಇಳಿಯದೆ ಯಾವ ಪ್ರಾಣಿಯೂ ಬಾಯಿ ತೆರೆಯುವುದಿಲ್ಲ. ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್ ಬರೆಯುತ್ತಾರೆ, ಪ್ರಮಾಣ ವೈದ್ಯರು ತೂಕ ನೋಡಿ ಹೇಳಬೇಕು. ಪಂಜರಕ್ಕೆ ತೂಗುಹಾಕುವ ನೀರಿನ ಬಾಟಲಿಯ ತುದಿಯ ಉಕ್ಕಿನ ಗುಂಡನ್ನು ನೆಕ್ಕಲು ಬಾಯಿ ನೋಯುತ್ತದೆ, ಹಾಗಾಗಿ ಜೊತೆಗೆ ಭಾರದ ಚಿಕ್ಕ ಬಟ್ಟಲಲ್ಲೂ ನೀರಿಡಬೇಕು.

ವಾರ್ಡಿನಲ್ಲಿ ಪ್ರತಿ ರೋಗಿಗೂ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂಬ ಚಾರ್ಟ್ ಇರುತ್ತದೆ. ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಚಿನ್ನಿಗೂ ಒಂದು ಚಾರ್ಟ್ ಎಳೆದೆ. ಹೊತ್ತು, ಕೊಟ್ಟ ಎಂಎಲ್, ಔಷಧಿ, ತಾನಾಗಿ ತಿಂದದ್ದು, ಹಿಕ್ಕೆ, ತೂಕ. ಅಡುಗೆಮನೆಯ ಗ್ರಾಂ ತಕ್ಕಡಿಯ ಮೇಲೆ ಸ್ಟೀಲ್ ಡಬ್ಬ ಇಟ್ಟು, ಅದರಲ್ಲಿ ಚಿನ್ನಿಯನ್ನು ಕೂರಿಸಿ, ದಿನವೂ ಒಂದೇ ಹೊತ್ತಿಗೆ ತೂಗುತ್ತಿದ್ದೆವು. ಕಣ್ಣಿಗೆ ಚೆನ್ನಾಗಿಯೇ ಕಾಣುವ ಪ್ರಾಣಿ ಒಳಗೇ ಕರಗುತ್ತಿರುತ್ತದೆ. ದಟ್ಟ ತುಪ್ಪಳದಡಿ ಬಡಕಲಾದದ್ದು ಗೊತ್ತೇ ಆಗುವುದಿಲ್ಲ, ತಕ್ಕಡಿಯೇ ಹೇಳಬೇಕು. ತೂಕದ ಹತ್ತನೇ ಒಂದು ಪಾಲು ಇಳಿದರೆ ಕಾಯಬಾರದು. ಹಿಕ್ಕೆಯೂ ಅಷ್ಟೇ ಮುಖ್ಯ. ಆಪರೇಷನ್ ಆದ ಮೊದಲಿಗೆ ಹಿಕ್ಕೆ ಸಣ್ಣದಾಗಿ, ಒಣಗಿ, ಎಣಿಸುವಷ್ಟೇ ಬೀಳುತ್ತದೆ. ಉಣಿಸುವುದು ಸರಿಯಾದರೆ ಕ್ರಮೇಣ ದಪ್ಪಗಾಗುತ್ತದೆ, ಸಂಖ್ಯೆ ಹೆಚ್ಚುತ್ತದೆ. ಅರ್ಧ ದಿನ ಒಂದೂ ಬೀಳದಿದ್ದರೆ ಆಗಲೇ ಫೋನ್ ಮಾಡಬೇಕು, ಬೆಳಗಾಗಲಿ ಎನ್ನಬಾರದು. ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದವರು ಮೊದಲು ನೋಡುತ್ತಿದ್ದದ್ದು ಪಂಜರದ ತಳದ ಕಾಗದವನ್ನು.

ಓಣಿಯವರ ಪ್ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. "ಒಂದೀಟು ಬೆಲ್ಲದ ನೀರು ಕುಡಿಸ್ರಿ ಸಿಸ್ಟರಮ್ಮ, ಶಕ್ತಿ ಬರ್ತೈತಿ" ಎಂದವರಿದ್ದಾರೆ. ರಾಗಿ ಅಂಬಲಿ, ಜೋಳದ ನುಚ್ಚು, ಹಾಲು, ಗ್ಲೂಕೋಸ್, ಎಳೆಮಕ್ಕಳ ಡಬ್ಬದ ಆಹಾರ, ಹಿಸುಕಿದ ಬಾಳೆಹಣ್ಣು ಎಲ್ಲವನ್ನೂ ಹೇಳಿದರು. ಮನುಷ್ಯರ ಮಕ್ಕಳಿಗೆ ಇವೆಲ್ಲ ಸರಿ. ಹುಲ್ಲಿನ ನಾರಿಗೆ ಒಗ್ಗಿದ ಕರುಳಿಗೆ ಪಿಷ್ಟ, ಸಕ್ಕರೆ ಬಿದ್ದರೆ ಒಳಗಿನ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿ ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ. ಬೆಳೆದ ಪ್ರಾಣಿಗೆ ಹಾಲು ಜೀರ್ಣವಾಗುವುದಿಲ್ಲ. ದನದ ಮೇವಿನ ಅಂಗಡಿಯಲ್ಲಿ ಸಿಗುವ ಹಿಂಡಿಯೂ ಬೇಡ. ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷವಿರುತ್ತದೆ, ಎಮ್ಮೆ ಆಕಳು ತಡೆದುಕೊಳ್ಳುತ್ತವೆ, ಈ ಪುಟ್ಟ ಜೀವ ತಡೆಯದು.

ಇದಕ್ಕಿಂತ ದೊಡ್ಡ ಅಪಾಯ ಮನೆಯ ಔಷಧಿ ಡಬ್ಬದಲ್ಲಿದೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧಿಗಳನ್ನು, ಕ್ಲಿಂಡಾಮೈಸಿನ್, ಲಿಂಕೋಮೈಸಿನ್‌ಗಳನ್ನು ಮೊಲ, ಗಿನಿಪಿಗ್, ಚಿಂಚಿಲ್ಲಾಗಳ ಬಾಯಿಗೆ ಹಾಕಬಾರದು. ಕರುಳಿನ ಒಳ್ಳೆಯ ಜೀವಿಗಳು ಸತ್ತು, ವಿಷ ಕಾರುವ ಬ್ಯಾಕ್ಟೀರಿಯಾ ಹೆಚ್ಚಿ, ಪ್ರಾಣಿಯೇ ಸಾಯುತ್ತದೆ. ನನಗೆ ಗೊತ್ತಿರುವ ಮನೆಯೊಂದರಲ್ಲಿ ಮಗುವಿಗೆ ತಂದು ಉಳಿದಿದ್ದ, ಹಣ್ಣಿನ ವಾಸನೆಯ ಇಂಥದೇ ಒಂದು ಸಿರಪ್ಪನ್ನು, ಬಾವು ಇಳಿಯಲೆಂದು ಮೊಲಕ್ಕೆ ಕುಡಿಸಿದರು. ಕೇಳಿದರೆ ಕೊಡುವ ಔಷಧಿ ಅಂಗಡಿಯವರಿಗೂ ಇದು ತಿಳಿದಿರುವುದಿಲ್ಲ. ಮೊಲ ಉಳಿಯಲಿಲ್ಲ. ಆ ಹುಡುಗ ಶಾಲೆಗೆ ಹೋಗದೆ ಅತ್ತದ್ದನ್ನು ಕಂಡ ಮೇಲೆಯೇ ಈ ಪತ್ರ ಬರೆಯಬೇಕೆಂದು ನಾನು ನಿರ್ಧರಿಸಿದ್ದು. ಈ ಒಂದು ಪ್ಯಾರಾವನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ ನಿಮಗೆ ಪುಣ್ಯ ಬರುತ್ತದೆ.

ಸಿರಿಂಜಿನ ಊಟ ಎಷ್ಟು ಕಾಲ? ಇಲ್ಲೊಂದು ಇಕ್ಕಟ್ಟಿದೆ. ಮೆತ್ತನೆಯ ಆಹಾರ ಈಗ ಜೀವ ಉಳಿಸುತ್ತದೆ, ಅದೇ ಮುಂದುವರಿದರೆ ಹಲ್ಲು ಸವೆಯದೆ ಮತ್ತೆ ಮೊದಲಿನ ಗತಿ. ಹಲ್ಲು ಕಿತ್ತ ಜಾಗದ ಎದುರಿನ ಹಲ್ಲಿಗೆ ತಿಕ್ಕಲು ಜೋಡಿಯಿಲ್ಲದೆ ಅದು ಇನ್ನೂ ಬೇಗ ಉದ್ದವಾಗುತ್ತದೆ. ಹಾಗಾಗಿ ಮೊದಲ ದಿನದಿಂದಲೇ ಒಣಹುಲ್ಲು ಎದುರಿಗಿರಬೇಕು. ತಿನ್ನದಿದ್ದರೂ ಇರಬೇಕು. ನಾನು ಹುಲ್ಲನ್ನು ಕತ್ತರಿಯಿಂದ ಬೆರಳುದ್ದಕ್ಕೆ ಕತ್ತರಿಸಿ, ಗಟ್ಟಿ ಕಡ್ಡಿಗಳನ್ನು ಆರಿಸಿ ತೆಗೆದು, ಮೆತ್ತನೆಯ ಎಲೆಯಂಥ ಭಾಗವನ್ನು ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ಒಯ್ಯುತ್ತಿದ್ದೆ. ಆಮದಾದ ಟಿಮೊಥಿ ಹುಲ್ಲು ದುಬಾರಿ, ಬೇಕೆಂದಾಗ ಸಿಗುವುದೂ ಇಲ್ಲ. ನಮ್ಮ ಗರಿಕೆ ಇದಕ್ಕೆ ಒಳ್ಳೆಯದು. ಔಷಧಿ ಹೊಡೆಯದ, ನಾಯಿ ಓಡಾಡದ ಜಾಗದ್ದು ತಂದು, ತೊಳೆದು, ನೆರಳಲ್ಲಿ ಆರಿಸಿ ಕೊಡಬೇಕು. ಕುದುರೆ ಮೆಂತೆಯನ್ನು (ಲೂಸರ್ನ್ ಮೇವು) ಒಣಗಿಸಿದರೆ ಅದರ ವಾಸನೆಗೇ ಪ್ರಾಣಿ ಹತ್ತಿರ ಬರುತ್ತದೆ. ಸೊರಗಿದಾಗ ನಾಲ್ಕು ಎಸಳು ಕೊಡುವುದರಿಂದ ಅನುಕೂಲವೇ. ಆದರೆ ಅದರಲ್ಲಿ ಸುಣ್ಣದ ಅಂಶ ಹೆಚ್ಚು, ದಿನದ ಊಟವಾಗಿ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಸಿರುಗುಪ್ಪದ ಕಡೆಯ ಭತ್ತದ ಹುಲ್ಲು ಧಾರಾಳ ಸಿಗುತ್ತದೆ, ಆದರೆ ಒರಟು, ಸತ್ವ ಕಡಿಮೆ, ಮಾಯುತ್ತಿರುವ ಬಾಯಿಗೆ ಚುಚ್ಚುತ್ತದೆ. ಎಳೆ ಜೋಳದ ಬೆಳೆಯಲ್ಲಿ ಸಯನೈಡ್ ವಿಷವಿರುವುದು ನಮ್ಮ ರೈತರಿಗೆಲ್ಲ ಗೊತ್ತು, ದನಕ್ಕೇ ಹಾಕದ್ದನ್ನು ಇದಕ್ಕೆ ಹಾಕುವ ಮಾತೇ ಇಲ್ಲ.

ಒಂದು ಸಂಜೆ ಚಿನ್ನಿ ನನ್ನ ಕೈಯ ಗರಿಕೆಯ ಎಸಳನ್ನು ಮುಂಗಾಲಿನಿಂದ ಕಿತ್ತುಕೊಂಡು, ಹಿಂಗಾಲ ಮೇಲೆ ಕೂತು, ತುದಿಯಿಂದ ತಿನ್ನುತ್ತಾ ಹೋಯಿತು. ಎಸಳು ಸ್ವಲ್ಪ ಸ್ವಲ್ಪವೇ ಬಾಯೊಳಗೆ ಹೋಗುತ್ತಿತ್ತು, ದವಡೆ ಅಡ್ಡಡ್ಡ ಅರೆಯುತ್ತಿತ್ತು. ಮೊಮ್ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಅಲ್ಲಿಂದ ಮುಂದೆ ತೂಕ ಇಳಿಯದೆ ನಿಂತದ್ದನ್ನು ತಕ್ಕಡಿಯಲ್ಲಿ ನೋಡಿಕೊಂಡು, ಸಿರಿಂಜಿನ ಒಂದೊಂದೇ ಹೊತ್ತನ್ನು ಕಳೆಯುತ್ತಾ ಬಂದೆವು. ತಿನ್ನಲು ಶುರುಮಾಡಿತೆಂದು ಒಮ್ಮೆಲೇ ನಿಲ್ಲಿಸುವುದು ಸರಿಯಲ್ಲ.

ಸೆಕೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಚಿಂಚಿಲ್ಲಾಕ್ಕೆ 25 ಡಿಗ್ರಿ ದಾಟಿದರೇ ಕಷ್ಟ, 30ರ ಹತ್ತಿರ ಹೋದರೆ ಜೀವಕ್ಕೆ ಅಪಾಯ. ಬಳ್ಳಾರಿಯ ಏಪ್ರಿಲ್, ಮೇ ತಿಂಗಳುಗಳಲ್ಲಿ 40 ದಾಟುವುದು ಎಲ್ಲರಿಗೂ ಗೊತ್ತು. ಎ.ಸಿ. ಇಲ್ಲದೆ ಇಲ್ಲಿ ಅದನ್ನು ಸಾಕುವಂತಿಲ್ಲ. ಕರೆಂಟು ಹೋದಾಗ ಇನ್ವರ್ಟರ್ ಎ.ಸಿ.ಯನ್ನು ಹೊರುವುದಿಲ್ಲ, ಅದಕ್ಕೇ ಗ್ರಾನೈಟ್ ತುಂಡೊಂದನ್ನು ಫ್ರಿಜ್ಜಿನಲ್ಲಿಟ್ಟು ಪಂಜರದೊಳಗೆ ಹಾಸುತ್ತಿದ್ದೆವು, ಐಸ್ ಬಾಟಲಿಗಳನ್ನು ಬಟ್ಟೆ ಸುತ್ತಿ ಪಂಜರದ ಹೊರಗೆ ನಿಲ್ಲಿಸುತ್ತಿದ್ದೆವು. ಮೈಗೆ ನೀರು ಚಿಮುಕಿಸಬಾರದು, ಆ ತುಪ್ಪಳ ಬೇಗ ಒಣಗುವುದಿಲ್ಲ. ನಿಜ ಹೇಳಬೇಕೆಂದರೆ, ಹೊಸದಾಗಿ ಚಿಂಚಿಲ್ಲಾ ತರಬೇಕೆಂದು ಯಾರಾದರೂ ಈ ಪತ್ರ ಓದಿ ಯೋಚಿಸಿದರೆ, ನಮ್ಮ ಜಿಲ್ಲೆಗೆ ತರಬೇಡಿ ಎಂದೇ ಕೇಳಿಕೊಳ್ಳುತ್ತೇನೆ. ಬಂದಿರುವುದನ್ನು ಮಾತ್ರ ಚೆನ್ನಾಗಿ ನೋಡಿಕೊಳ್ಳೋಣ.

"ಇಲಿಯಂಥದ್ದಕ್ಕೆ ಇಷ್ಟು ಖರ್ಚಾ?" ಎಂದು ಕೇಳಿದವರಿದ್ದಾರೆ. ಮನೆಗೆ ತಂದು ಪಂಜರದಲ್ಲಿಟ್ಟು, ಅದರ ಬೆಟ್ಟದ ಹುಲ್ಲು ತಪ್ಪಿಸಿ, ನಮಗೆ ಸುಲಭವಾದ ಕಾಳು ತಿನ್ನಿಸಿದವರು ಮನುಷ್ಯರು. ಹಲ್ಲು ಕೆಟ್ಟದ್ದು ಅದರಿಂದಲೇ. ಹಾಗಿರುವಾಗ ಉಣಿಸುವ ಹೊಣೆ ನಮ್ಮದಲ್ಲದೆ ಯಾರದು? ಈ ಪ್ರಾಣಿಗಳು ತಮ್ಮ ನೋವನ್ನು ಸಾಮಾನ್ಯವಾಗಿ ಕೂಗಿ ಹೇಳಿಕೊಳ್ಳುವುದಿಲ್ಲ. ನೋವಾದರೆ ಮೂಲೆಯಲ್ಲಿ ಮೈ ಗುಂಡಗೆ ಮಾಡಿಕೊಂಡು ಕೂತುಬಿಡುತ್ತವೆ. ನೋಡುವ ಕಣ್ಣು ನಮಗಿರಬೇಕು.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಪಶುಸಂಗೋಪನಾ ಇಲಾಖೆಯವರು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ತಜ್ಞರಿಂದ, ಮೊಲ, ಗಿನಿಪಿಗ್, ಚಿಂಚಿಲ್ಲಾಗಳ ಹಲ್ಲಿನ ಚಿಕಿತ್ಸೆಯ ನಂತರದ ಆಹಾರದ ಬಗ್ಗೆ ಕನ್ನಡದಲ್ಲಿ ಒಂದು ಹಾಳೆ ಬರೆಸಲಿ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಜಿಲ್ಲಾ ಪಶು ಆಸ್ಪತ್ರೆಗಳ ಗೋಡೆಗೆ ಅದನ್ನು ಅಂಟಿಸಲಿ, ಕೊಡಬಾರದ ಔಷಧಿಗಳ ಹೆಸರು ಅದರಲ್ಲಿ ಮೊದಲಿಗೇ ಇರಲಿ. ಈ ಮೂರು ಜಿಲ್ಲೆಗಳಲ್ಲಿ ಒಂದು ಕಡೆಯಾದರೂ ಸಣ್ಣ ಪ್ರಾಣಿಗಳಿಗೆ ಗ್ಯಾಸ್ ಅರಿವಳಿಕೆ ಕೊಟ್ಟು ಬಾಯಿ ನೋಡುವ ಸೌಲಭ್ಯ, ಅದರ ತರಬೇತಿ ಪಡೆದ ವೈದ್ಯರು ಸಿಗುವಂತಾಗಲಿ. ಹಲ್ಲು ಕೆಟ್ಟ ಪ್ರಾಣಿಗೆ ಮತ್ತೆ ಮತ್ತೆ ತಪಾಸಣೆ ಬೇಕು, ಪ್ರತಿ ಸಲ ಬೆಂಗಳೂರಿಗೆ ರಾತ್ರಿ ಪ್ರಯಾಣ ಎಲ್ಲರಿಂದ ಆಗುವುದಿಲ್ಲ. ಇನ್ನು ಅಂಗಡಿಗಳು. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಪ್ರಕಾರ ಪ್ರಾಣಿ ಮಾರುವ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ನೋಂದಣಿಯನ್ನು ಅಧಿಕಾರಿಗಳು ಪರಿಶೀಲಿಸಲಿ. ಮೊಲದ ಮರಿಯ ಜೊತೆ ಬಣ್ಣಬಣ್ಣದ ಕಾಳಿನ ಪ್ಯಾಕೆಟ್ ಕೊಟ್ಟು ಕಳಿಸುವ ಬದಲು, ಒಂದು ಕಟ್ಟು ಒಣಹುಲ್ಲು ಕೊಟ್ಟು "ಇದೇ ಮುಖ್ಯ ಊಟ" ಎಂದು ಅಂಗಡಿಯವರು ಹೇಳಲಿ. ಅಷ್ಟು ಹೇಳಿದರೆ ಅರ್ಧದಷ್ಟು ಹಲ್ಲಿನ ರೋಗ ಬರುವುದೇ ಇಲ್ಲವೆಂದು ನನ್ನ ನಂಬಿಕೆ.

ಇಲಾಖೆಯ ಹಾಳೆ ಬರುವವರೆಗೆ ನನ್ನ ಚಾರ್ಟಿನ ಖಾಲಿ ನಮೂನೆಯನ್ನು, ಉಣಿಸುವ ಕ್ರಮವನ್ನು ಸೇರಿಸಿ, ಬೆಂಗಳೂರಿನ ವೈದ್ಯರಿಗೆ ತೋರಿಸಿ ಅವರು ತಿದ್ದಿದ ಮೇಲೆ ಜೆರಾಕ್ಸ್ ಮಾಡಿಸಿಟ್ಟಿದ್ದೇನೆ. ಕೌಲ್ ಬಜಾರಿನ ಒಂದು ಮನೆಯಲ್ಲಿ ಮೊಲಕ್ಕೆ ಮುಂದಿನ ವಾರ ಹಲ್ಲು ತೇಯಿಸಬೇಕಿದೆ, ಮೊದಲ ಪ್ರತಿ ಅವರಿಗೆ ಹೋಗಿದೆ. ಇಲ್ಲಿನ ಪಶುವೈದ್ಯರೂ ಕೆಲವು ಪ್ರತಿಗಳನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ. ಬೇಕಾದವರು ಅಲ್ಲಿ ಕೇಳಿ ಪಡೆಯಬಹುದು.

ಇಂತಿ,
ನಿವೃತ್ತ ಶುಶ್ರೂಷಕಿ,
ಗಾಂಧಿನಗರ, ಬಳ್ಳಾರಿ